ಅಪ್‌ಡೇಟ್: ಕೊನೆಗೂ ಡೇಕೇರ್ ಆರಿಸಿದೆವು

16 ತಿಂಗಳ ಮಗಳಿಗೆ ಎರಡು ಡೇಕೇರ್‌ಗಳಲ್ಲಿ ಯಾವುದು ಒಳ್ಳೆಯದು ಅಂತ ಹೋದ ತಿಂಗಳು ಕೇಳಿದ್ದೆ. ಒಂದು ದೊಡ್ಡದು: ಹೊಸ ಕಟ್ಟಡ, ಕ್ಯಾಮೆರಾ, ದಿನವಿಡೀ ಚಟುವಟಿಕೆ. ಇನ್ನೊಂದು ಮನೆಯಲ್ಲೇ ನಡೆಸುವ ಪುಟ್ಟದು, ಎಂಟೇ ಮಕ್ಕಳು.

ನಾವು ಪುಟ್ಟದನ್ನೇ ಆರಿಸಿದೆವು.

ಹೇಳದೆ ಹೋಗಿ ನೋಡಿ ಅಂತ ನೀವು ಹೇಳಿದ ಮಾತು ತುಂಬಾ ಕೆಲಸಕ್ಕೆ ಬಂತು. ದೊಡ್ಡ ಕಡೆ ಹತ್ತು ಮಕ್ಕಳಿಗೆ ಒಬ್ಬರೇ ಇದ್ದರು. ಇಷ್ಟು ಚಿಕ್ಕ ಮಕ್ಕಳಿಗೆ ಮೂರ್ನಾಲ್ಕು ಮಕ್ಕಳಿಗೊಬ್ಬರು ಇರಬೇಕು, ಅಲ್ವಾ? ನೋಡಿಕೊಳ್ಳುವವರು ಎಷ್ಟು ದಿನದಿಂದ ಇದ್ದಾರೆ ಅಂತ ಕೇಳಿದರೆ ಸರಿಯಾದ ಉತ್ತರವೇ ಸಿಗಲಿಲ್ಲ. ಪುಟ್ಟ ಕಡೆ ಇಬ್ಬರಿದ್ದಾರೆ, ಇಬ್ಬರೂ ನಾಲ್ಕು ವರ್ಷದಿಂದ ಅಲ್ಲೇ. ಅಳುತ್ತಿದ್ದ ಮಗುವಿನ ಮುಂದೆ ಒಬ್ಬರು ನೆಲದ ಮೇಲೆ ಕೂತು ಮೆಲ್ಲಗೆ ಮಾತಾಡುತ್ತಿದ್ದರು. ನನ್ನ ಮನಸ್ಸು ಅಲ್ಲೇ ಒಪ್ಪಿಬಿಟ್ಟಿತು.

ಮೊದಲ ವಾರ ಕಷ್ಟವಾಯಿತು. ಈ ವಯಸ್ಸಿನಲ್ಲಿ ಅಗಲಿಕೆಯ ಭಯ ಜಾಸ್ತಿ ಅಂತ ಡಾಕ್ಟರ್ ಹೇಳಿದ್ದರು, ಆದರೂ ಅವಳು ಅತ್ತಾಗ ಕರುಳು ಹಿಂಡಿದ ಹಾಗಾಗುತ್ತಿತ್ತು. ಮೊದಲು ಒಂದು ಗಂಟೆ ಬಿಟ್ಟೆವು, ಆಮೇಲೆ ಎರಡು, ಆಮೇಲೆ ಅರ್ಧ ದಿನ. ಅವಳ ಕಣ್ಣು ತಪ್ಪಿಸಿ ಓಡಿಹೋಗಲಿಲ್ಲ. ಪ್ರತಿ ಸಲ ಟಾಟಾ ಹೇಳಿ, ನಿದ್ದೆ ಆದಮೇಲೆ ಬರ್ತೀನಿ ಅಂತ ಹೇಳಿಯೇ ಹೊರಟೆ. ಅವಳ ಹಳೇ ಹೊದಿಕೆಯನ್ನೂ ಕಳಿಸಿದೆ. ಮೂರನೇ ವಾರ ಅಳು ಬಾಗಿಲ ಹತ್ತಿರವೇ ನಿಲ್ಲತೊಡಗಿತು.

ಒಂದೇ ಕೊರತೆ, ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೆ ಆ ದಿನ ಡೇಕೇರ್ ಇರುವುದಿಲ್ಲ. ಹಾಗಾಗಿ ನಾನೂ ಗಂಡನೂ ರಜೆ ಹಂಚಿಕೊಂಡಿದ್ದೇವೆ.

ನಿನ್ನೆ ಕರೆದುಕೊಂಡು ಬರಲು ಹೋದಾಗ ಆಟ ಬಿಟ್ಟು ಬರಲು ಒಪ್ಪಲೇ ಇಲ್ಲ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.