ಕಾಲಿನ್ಸ್ ಹುಡುಗ್ರು ಸೈನಿಕರನ್ನ ಬಿಟ್ಟು ಡಿಟೆಕ್ಟಿವ್‌ಗಳನ್ನೇ ಯಾಕೆ ಹೊಡೆದ್ರು?

ಹಳೇಪುಟ: ಐರ್ಲೆಂಡ್ ಸ್ವಾತಂತ್ರ್ಯ ಹೋರಾಟದ ಬಗ್ಗೆ ಓದ್ತಾ ಇದೀನಿ. ಡಬ್ಲಿನ್ ತುಂಬಾ ಬ್ರಿಟಿಷ್ ಸೈನಿಕರಿದ್ರೂ 1919ರಲ್ಲಿ ಐರಿಷ್ ಹೋರಾಟಗಾರರ ಲೀಡರ್ ಮೈಕಲ್ ಕಾಲಿನ್ಸ್ ಕಡೆಯವ್ರು ಹುಡುಕ್ಕೊಂಡು ಹೋಗಿ ಹೊಡೆದಿದ್ದು ಲೋಕಲ್ ಪೊಲೀಸ್ ಡಿಟೆಕ್ಟಿವ್‌ಗಳನ್ನ, ಅದೂ ಐರಿಷ್ ಜನಾನೇ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ತುಂಗಾತೀರ: ಅದಕ್ಕೆ 1916ಕ್ಕೆ ಹೋಗ್ಬೇಕು ಸರ್. ಬ್ರಿಟಿಷರ ವಿರುದ್ಧ ಡಬ್ಲಿನ್‌ನಲ್ಲಿ ಎದ್ದ ಈಸ್ಟರ್ ದಂಗೆ ಸೋತ್ಮೇಲೆ ಸಿಕ್ಕಿದೋರನ್ನೆಲ್ಲ ರಿಚ್ಮಂಡ್ ಬ್ಯಾರಕ್ಸಲ್ಲಿ ಕೂಡಿಹಾಕಿದ್ರು, ಅವರಲ್ಲಿ ಲೀಡರ್ ಯಾರು ಅನ್ನೋದು ಸೇನೆಯವ್ರಿಗೆ ಗೊತ್ತಾಗ್ತಿರ್ಲಿಲ್ಲ, ಆಗ ಡಬ್ಲಿನ್ ಪೊಲೀಸಿನ ಜಿ ಡಿವಿಷನ್ (ರಾಜಕೀಯ ಕೇಸ್ ನೋಡ್ತಿದ್ದ ವಿಭಾಗ) ಡಿಟೆಕ್ಟಿವ್‌ಗಳು ಬಂದು ಒಬ್ಬೊಬ್ಬರ ಮುಖ ನೋಡಿ ಆರಿಸಿ ತೆಗೆದ್ರು. ದಂಗೆಯ ಲೀಡರ್‌ಗಳಲ್ಲಿ ಒಬ್ಬನಾದ, ಪೋಲಿಯೋದಿಂದ ಕುಂಟ್ತಿದ್ದ ಸೀನ್ ಮ್ಯಾಕ್‌ಡರ್ಮಟ್‌ನ ಹಿಡಿದುಕೊಟ್ಟಿದ್ದು ಡೇನಿಯಲ್ ಹೋಯಿ ಅನ್ನೋ ಡಿಟೆಕ್ಟಿವ್, ಮೇ 12ಕ್ಕೆ ಮ್ಯಾಕ್‌ಡರ್ಮಟ್‌ಗೆ ಗುಂಡಿಕ್ಕಿದ್ರು. ಕಾಲಿನ್ಸ್ ಕೂಡ ಅದೇ ಬ್ಯಾರಕ್ಸಲ್ಲಿ ಕೈದಿಯಾಗಿದ್ದ. ಸೈನಿಕ ಸತ್ರೆ ಇಂಗ್ಲೆಂಡಿಂದ ಇನ್ನೊಬ್ಬ ಬರ್ತಾನೆ, ಆದ್ರೆ ವರ್ಷಗಟ್ಲೆ ಡಬ್ಲಿನ್ ಗಲ್ಲಿ ಸುತ್ತಿ ಯಾರು ಯಾರ ಮನೆಗೆ ಹೋಗ್ತಾರೆ ಅಂತ ತಿಳ್ಕೊಂಡಿರೋನ ಜಾಗಕ್ಕೆ ಯಾರನ್ನ ತರ್ತಾರೆ?

ಕಡತಪ್ರೇಮಿ: ಇದಕ್ಕೆ ಒಳಗಿನ ಸಹಾಯಾನೂ ಇತ್ತು. ಜಿ ಡಿವಿಷನ್ ಆಫೀಸಲ್ಲೇ ಇದ್ದ ನೆಡ್ ಬ್ರಾಯ್ ಸೀಕ್ರೆಟ್ ರಿಪೋರ್ಟ್ ಟೈಪ್ ಮಾಡುವಾಗ ಒಂದು ಕಾರ್ಬನ್ ಕಾಪಿ ಜಾಸ್ತಿ ಹಾಕಿ ಕಾಲಿನ್ಸ್‌ಗೆ ಕಳಿಸ್ತಿದ್ದ. 1919 ಏಪ್ರಿಲ್ 7ರ ರಾತ್ರಿ ಅಂತೂ ಗ್ರೇಟ್ ಬ್ರನ್ಸ್‌ವಿಕ್ ಸ್ಟ್ರೀಟ್ ಸ್ಟೇಷನ್‌ಗೇ ಕರ್ಕೊಂಡು ಹೋಗಿ ಫೈಲ್ ರೂಮಲ್ಲಿ ಬಿಟ್ಟ, ಬೆಳಗಿನ ಜಾವದ ತನಕ ಕಾಲಿನ್ಸ್ ಕೂತು ಓದಿದ, ಪೊಲೀಸರಿಗೆ ಏನೆಲ್ಲಾ ಗೊತ್ತು ಅಂತ ಅವನಿಗೆ ಗೊತ್ತಾಗಿದ್ದೇ ಅಲ್ಲಿ.

ಮಳೆನಾಡ್ಹುಡುಗಿ: ದಯವಿಟ್ಟು ಇದನ್ನ ಬರೀ ಹೀರೋ ಕಥೆ ಥರ ಓದ್ಬೇಡಿ. ಮೊದಲನೇ ಬಲಿ ಪ್ಯಾಟ್ರಿಕ್ ಸ್ಮಿತ್, ಮಕ್ಕಳೊಂದಿಗ. ರಾಜಕೀಯ ಕೇಸ್ ಬಿಟ್ಟುಬಿಡು ಅಂತ ಮೊದ್ಲೇ ವಾರ್ನಿಂಗ್ ಕೊಟ್ಟಿದ್ರು, ಕೇಳ್ಲಿಲ್ಲ. ಜುಲೈ 30ಕ್ಕೆ ಡ್ರಮ್‌ಕಾಂಡ್ರಾದಲ್ಲಿ ಮನೆ ಹತ್ರಾನೇ ಹೊಡೆದ್ರು, .38 ಗುಂಡು ಬಿದ್ರೂ ಮನೆ ಕಡೆ ಓಡಿದ, ಸಾಯೋಕೆ ಸೆಪ್ಟೆಂಬರ್ 8ರ ತನಕ ಒದ್ದಾಡಿದ. ಹಂತಕರು ಅದರಿಂದ ಕಲಿತ ಪಾಠ ಮುಂದೆ ದೊಡ್ಡ .45 ಬಳಸ್ಬೇಕು ಅನ್ನೋದು. ನಾಲ್ಕೇ ದಿನಕ್ಕೆ ಹೋಯಿನೂ ಹೋದ. ಹೋರಾಟ ನ್ಯಾಯದ್ದೇ ಅಂತ ನಾನೂ ಒಪ್ತೀನಿ, ಆದ್ರೂ ಆ ಮನೆಯವ್ರ ನೋವನ್ನ ಲೆಕ್ಕಕ್ಕೇ ತಗೋಬಾರ್ದು ಅನ್ನೋದನ್ನ ಒಪ್ಪಲ್ಲ.

ತುಂಗಾತೀರ: ನಿಜ ಮೇಡಂ. ಆದ್ರೆ ಪರಿಣಾಮಾನೂ ನೋಡಿ, ಜಿ ಡಿವಿಷನ್ ಸರಿಮಾಡೋಕೆ ಅಂತ ಬೆಲ್‌ಫಾಸ್ಟಿಂದ ಕರೆಸಿದ ಪೊಲೀಸ್ ಅಧಿಕಾರಿ ವಿಲಿಯಂ ರೆಡ್ಮಂಡ್‌ನ 1920 ಜನವರಿ 21ಕ್ಕೆ ಹಾರ್ಕೋರ್ಟ್ ಸ್ಟ್ರೀಟಲ್ಲೇ ಮುಗಿಸಿದ್ರು, ಆಮೇಲೆ ಬ್ರಿಟಿಷರು ಹೊರಗಿನ ಗೂಢಚಾರರನ್ನ ನಂಬ್ಕೋಬೇಕಾಯ್ತು.

ಹಳೇಪುಟ: ಎಲ್ರಿಗೂ ಥ್ಯಾಂಕ್ಸ್. ಆ ಬ್ರಾಯ್ ಕೊನೆಗೆ ಏನಾದ?

ಕಡತಪ್ರೇಮಿ: 1921ರಲ್ಲಿ ಅರೆಸ್ಟ್ ಆದ, ಆದ್ರೆ ಬದುಕಿ ಹೊರಗೆ ಬಂದ. 1933ರಲ್ಲಿ ಸ್ವತಂತ್ರ ಐರ್ಲೆಂಡಿನ ಪೊಲೀಸ್ ಕಮಿಷನರ್ ಆದ.