ಹೆನ್ರಿ ಫಾಸೆಟ್ ಅವರನ್ನು ‘ಭಾರತದ ಸದಸ್ಯ’ ಎಂದು ಕರೆಯುತ್ತಿದ್ದುದು ಏಕೆ?

ಅಂಚೆಪ್ರಿಯ:
ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. 1880ರಿಂದ 1884ರವರೆಗೆ ಬ್ರಿಟನ್ನಿನ ಪೋಸ್ಟ್‌ಮಾಸ್ಟರ್ ಜನರಲ್ ಆಗಿದ್ದ ಹೆನ್ರಿ ಫಾಸೆಟ್ ಅವರಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲವೆಂದು ಈಚೆಗೆ ಓದಿ ಬೆರಗಾದೆ. ಮೊದಲು ಬ್ರೈಟನ್‌ನಿಂದ, ಆಮೇಲೆ ಹ್ಯಾಕ್ನಿಯಿಂದ ಬ್ರಿಟನ್ನಿನ ಸಂಸತ್ತಿಗೆ ಆಯ್ಕೆಯಾಗಿದ್ದ ಈ ಲಿಬರಲ್ ಪಕ್ಷದ ಸದಸ್ಯರನ್ನು ‘ಭಾರತದ ಸದಸ್ಯ’ ಎಂದು ಕರೆಯುತ್ತಿದ್ದರಂತೆ. ಅದಕ್ಕೆ ತಕ್ಕ ಕೆಲಸ ಅವರಿಂದ ನಡೆದಿತ್ತೇ?

ಹಳೆಯ ಕಡತ:
ಖಂಡಿತ ನಡೆದಿತ್ತು. 1867ರಲ್ಲಿ ತುರ್ಕಿಯ ಸುಲ್ತಾನ ಲಂಡನ್ನಿಗೆ ಬಂದಾಗ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಇಲಾಖೆಯಾದ ಇಂಡಿಯಾ ಆಫೀಸಿನಲ್ಲಿ ಅವನಿಗಾಗಿ ಭರ್ಜರಿ ನೃತ್ಯಕೂಟ ಏರ್ಪಟ್ಟಿತು. ಅದರ ವೆಚ್ಚವನ್ನು ಭಾರತದ ಬೊಕ್ಕಸದ ಲೆಕ್ಕಕ್ಕೆ ಬರೆದರು. ಲಂಡನ್ನಿನ ಔತಣಕ್ಕೆ ಇಲ್ಲಿನ ರೈತ ಏಕೆ ದುಡ್ಡು ಕೊಡಬೇಕೆಂದು ಸಭೆಯಲ್ಲಿ ಕೇಳಿದವರು ಫಾಸೆಟ್. ಅದೇ ವರ್ಷ ಅಬಿಸೀನಿಯಾದ (ಇಂದಿನ ಇಥಿಯೋಪಿಯಾ) ದಂಡಯಾತ್ರೆಗೆ, ಮುಂದೆ 1878ರಲ್ಲಿ ಆರಂಭವಾದ ಆಫ್ಘನ್ ಯುದ್ಧಕ್ಕೆ ಭಾರತದ ಹಣ ಬಳಸುವುದನ್ನೂ ಅವರು ವಿರೋಧಿಸಿದರು. ಆಗ ಭಾರತದ ಆಯವ್ಯಯ ಚರ್ಚೆಗೆ ಬರುತ್ತಿದ್ದುದು ಅಧಿವೇಶನದ ಕೊನೆಯ ದಿನಗಳಲ್ಲಿ, ಬಹುಪಾಲು ಸದಸ್ಯರು ಊರು ಬಿಟ್ಟ ಮೇಲೆ. ಆ ಖಾಲಿ ಸಭೆಯಲ್ಲೂ ಅವರು ವರ್ಷವರ್ಷವೂ ಎದ್ದುನಿಂತು ಲೆಕ್ಕ ಕೇಳಿದರು. ಭಾರತದ ಹಣಕಾಸಿನ ಕುರಿತು 1871ರಲ್ಲಿ ನೇಮಕವಾದ, ಸಂಸತ್ತಿನ ಆಯ್ದ ಸದಸ್ಯರ ವಿಚಾರಣಾ ಸಮಿತಿಯಲ್ಲಿ ಅವರ ದನಿಗೆ ದೊಡ್ಡ ಸ್ಥಾನವಿತ್ತು. 1873ರಲ್ಲಿ ದಾದಾಭಾಯಿ ನವರೋಜಿ ಸಾಕ್ಷ್ಯ ನುಡಿದದ್ದು ಆ ಸಮಿತಿಯ ಮುಂದೆಯೇ. 1874ರಲ್ಲಿ ಬ್ರೈಟನ್‌ನಲ್ಲಿ ಸೋತ ಫಾಸೆಟ್, ಅದೇ ವರ್ಷ ಹ್ಯಾಕ್ನಿಯಲ್ಲಿ ನಿಂತಾಗ ಚುನಾವಣೆಯ ಖರ್ಚಿಗೆಂದು ಭಾರತದಿಂದ ಜನ ವಂತಿಗೆ ಕೂಡಿಸಿ ಕಳುಹಿಸಿದರು. ಮತವಿಲ್ಲದವರು ಹೀಗೆ ತಮ್ಮ ಪ್ರತಿನಿಧಿಯನ್ನು ಗುರುತಿಸಿಕೊಂಡದ್ದು ನನ್ನನ್ನು ಈಗಲೂ ಕಲಕುತ್ತದೆ.

ಗೋಮಾಳ:
ಇದನ್ನು ಬರಿಯ ಭಾರತಪ್ರೀತಿ ಎನ್ನಲಾಗದು. 1869ರಲ್ಲಿ ಸುಮಾರು 7,000 ಎಕರೆ ಸಾರ್ವಜನಿಕ ಭೂಮಿಗೆ ಬೇಲಿ ಹಾಕುವ ಮಸೂದೆಯೊಂದು ಸದ್ದಿಲ್ಲದೆ ಅಂಗೀಕಾರವಾಗುವುದರಲ್ಲಿತ್ತು. ಅದರಲ್ಲಿ ಜನರ ವಿಹಾರಕ್ಕೆ ಉಳಿಸಿದ್ದು ಬರೀ 3 ಎಕರೆ. ಫಾಸೆಟ್ ಅದನ್ನು ತಡೆದರು, ಲಂಡನ್ ಅಂಚಿನ ಎಪಿಂಗ್ ಕಾಡಿಗಾಗಿಯೂ ಹೋರಾಡಿದರು. 1867ರಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ಜಾನ್ ಸ್ಟುವರ್ಟ್ ಮಿಲ್ ಮಂಡಿಸಿದ ತಿದ್ದುಪಡಿ 73–196 ಮತಗಳಿಂದ ಬಿದ್ದಾಗ ಫಾಸೆಟ್ ಇದ್ದದ್ದು ಮಿಲ್ ಅವರ ಕಡೆ. ಸಭೆಯಲ್ಲಿ ಯಾರಿಗೆ ಬಾಯಿಲ್ಲವೋ ಅವರ ಜೇಬಿಗೂ ನೆಲಕ್ಕೂ ಅಲ್ಲಿ ಯಾರೂ ಕೈ ಹಾಕಬಾರದೆಂಬುದೇ ಅವರ ನಿಲುವೆಂದು ನನಗೆ ತೋರುತ್ತದೆ.

ಅಂಚೆಯಲ್ಲಿಯೂ ಹಾಗೆಯೇ. ಉಳಿತಾಯ ಖಾತೆಗೆ ಕನಿಷ್ಠ ಒಂದು ಶಿಲಿಂಗ್, ಅಂದರೆ 12 ಪೆನ್ನಿ, ಬೇಕಿತ್ತು. ಬಡವರ ಕೈಯಲ್ಲಿ ಅದು ಒಟ್ಟಿಗೆ ನಿಲ್ಲುತ್ತಿರಲಿಲ್ಲ. ಒಂದು ಪೆನ್ನಿಯ ಅಂಚೆಚೀಟಿಯನ್ನು ಕೊಂಡಂತೆಲ್ಲ ಕಾಗದಕ್ಕೆ ಅಂಟಿಸುತ್ತ ಹೋಗಿ, 12 ತುಂಬಿದೊಡನೆ ಅಂಚೆ ಕಚೇರಿಗೆ ಕೊಟ್ಟರೆ ಜಮಾ ಆಗುವ ವ್ಯವಸ್ಥೆಯನ್ನು ಅವರು ತಂದರು. ಪಾರ್ಸೆಲ್ ಅಂಚೆ 1883ರ ಆಗಸ್ಟ್ 1ರಂದು ಆರಂಭವಾದದ್ದೂ ಅವರ ಕಾಲದಲ್ಲೇ.

ತಕ್ಕಡಿ:
ಒಂದು ಮಾತು ಸೇರಿಸಬೇಕು. ಫಾಸೆಟ್ ಬ್ರಿಟಿಷ್ ಆಳ್ವಿಕೆ ಕೊನೆಗೊಳ್ಳಲಿ ಎಂದವರಲ್ಲ. ಅವರು ಕೇಳಿದ್ದು ಮಿತವ್ಯಯ ಮತ್ತು ನ್ಯಾಯದ ಲೆಕ್ಕ. ಕೇಂಬ್ರಿಡ್ಜ್‌ನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಮುಕ್ತ ವ್ಯಾಪಾರದ ಕಟ್ಟಾ ಪ್ರತಿಪಾದಕರಾಗಿದ್ದರು; ವಯಸ್ಕ ಮಹಿಳೆಯರ ದುಡಿಮೆಯ ಅವಧಿಯನ್ನು ಕಾನೂನು ಮಿತಿಗೊಳಿಸುವುದನ್ನೂ ವಿರೋಧಿಸಿದರು. ಈ ಕೊನೆಯ ವಿಷಯದಲ್ಲಿ ಅವರು ಗಿರಣಿಯ ಒಳಗಿನ ಬದುಕನ್ನು ಅರಿಯದೆ ತಪ್ಪಿದರೆಂದೇ ನನ್ನ ಅಭಿಪ್ರಾಯ.

ಅಂಚೆಪ್ರಿಯ:
ಎಲ್ಲರಿಗೂ ವಂದನೆಗಳು. ಕಣ್ಣು ಕಾಣದವರು ಅಷ್ಟೊಂದು ಅಂಕಿಅಂಶಗಳನ್ನು ಸಭೆಯಲ್ಲಿ ಹೇಗೆ ನಿಭಾಯಿಸುತ್ತಿದ್ದರು?

ಹಳೆಯ ಕಡತ:
ನೆನಪಿನ ಬಲದಿಂದ. 1858ರಲ್ಲಿ, 25ನೆಯ ವಯಸ್ಸಿನಲ್ಲಿ, ಬೇಟೆಯ ವೇಳೆ ತಂದೆಯ ಬಂದೂಕಿನಿಂದಲೇ ಅಕಸ್ಮಾತ್ತಾಗಿ ಸಿಡಿದ ಚರೆಗಳು ಅವರ ಎರಡೂ ಕಣ್ಣುಗಳನ್ನು ಕಸಿದಿದ್ದವು. ಅಂದಿನಿಂದ ಸರ್ಕಾರಿ ವರದಿಗಳನ್ನು ಬೇರೆಯವರು ಗಟ್ಟಿಯಾಗಿ ಓದಬೇಕಿತ್ತು, ಅವರು ಕೇಳಿ ಮನದಟ್ಟು ಮಾಡಿಕೊಳ್ಳುತ್ತಿದ್ದರು. ಭಾರತದ ಆದಾಯ, ಸಾಲ, ಸೇನಾವೆಚ್ಚಗಳ ಅಂಕಿಗಳನ್ನು ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಸಭೆಯ ಮುಂದಿಡುತ್ತಿದ್ದರು.