ಪದಚರ್ಚೆ: ಏರೋಪ್ಲೇನ್ ಚಿಟ್ಟೆ ಸರಿ, ಅದರ ತಂಗಿಗೆ ಏನನ್ನೋಣ?

ನಮಸ್ಕಾರ. ಮಡಿಕೇರಿ ಹತ್ತಿರ ನಮ್ಮ ಕಾಫಿ ತೋಟದ ಕೆರೆ ಪಕ್ಕ ಒಂದು ಬೋರ್ಡ್ ಹಾಕಿಸಬೇಕು. ಬೇಸಿಗೆ ರಜೆಗೆ ಮಕ್ಕಳು ಬರುತ್ತಾರೆ, ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾನೆ. ಡ್ರ್ಯಾಗನ್‌ಫ್ಲೈಗೆ ನಾವೆಲ್ಲ ಏರೋಪ್ಲೇನ್ ಚಿಟ್ಟೆ ಅನ್ನುತ್ತೇವೆ. ತೊಡಕಿರುವುದು ಅದನ್ನೇ ಹೋಲುವ, ಅದಕ್ಕಿಂತ ಸಣ್ಣ ಡ್ಯಾಮ್ಸೆಲ್‌ಫ್ಲೈ ಹೆಸರಲ್ಲಿ. ಇವತ್ತು ಎರಡನ್ನೂ ಕೂತು ನೋಡಿದೆ. ಕೆಂಪು ಏರೋಪ್ಲೇನ್ ಚಿಟ್ಟೆ ಸ್ಪ್ರಿಂಕ್ಲರ್ ಪೈಪಿನ ತುದಿಯಲ್ಲಿ ರೆಕ್ಕೆ ಹರಡಿ ಕೂತಿತ್ತು. ಹಾರಿಹೋಗಿ ಏನೋ ಹಿಡಿದು ಮತ್ತೆ ಅದೇ ತುದಿಗೆ ಬಂತು. ಇನ್ನೊಂದು ಕಡ್ಡಿಯಷ್ಟು ಸಣ್ಣ. ರೆಕ್ಕೆ ಮಡಚಿ ಬೆನ್ನಿಗೆ ಸೇರಿಸಿಕೊಂಡು ಹುಲ್ಲಿಗೆ ಅಂಟಿತ್ತು. ಕಣ್ಣೆರಡೂ ತಲೆಯ ಆಚೆ ಒಂದು, ಈಚೆ ಒಂದು. ಎರಡರ ಮರಿಗಳೂ ನೀರಲ್ಲೇ ಬೆಳೆಯುತ್ತವೆ, ಅದಕ್ಕೇ ಕೆರೆ ಪಕ್ಕ ಬೋರ್ಡ್. ಈ ಸಣ್ಣದಕ್ಕೆ ಹೆಸರೇನು?

(ಮೈಸೂರಿನಿಂದ)
ಮೊದಲು ಚಿಟ್ಟೆ ಅನ್ನುವುದನ್ನು ಬಿಡಿ. ಚಿಟ್ಟೆಯ ರೆಕ್ಕೆ ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಇದಕ್ಕೆ ಪುಡಿ ಎಲ್ಲಿದೆ? ಕೊಡತಿಕೀಟ ಅನ್ನಿ. ಕೊಡತಿ ಅಂದರೆ ಮರದ ಸುತ್ತಿಗೆ. ದಪ್ಪ ತಲೆ, ಉದ್ದ ಹಿಡಿ. ಮುಗೀತು.

(ವಿರಾಜಪೇಟೆಯಿಂದ)
ಮುಗಿದಿಲ್ಲ. ಕೀಟ ಸಂಸ್ಕೃತ ಅಲ್ವಾ? ಹುಳು ಅನ್ನೋಕೆ ಏನು ಕಷ್ಟ? ನನ್ನನ್ನು ಕೇಳಿದರೆ ತುಂಬಿ. ಕೇರಳ ಗಡಿಯ ಮಾಕುಟ್ಟ ದಾಟಿದರೆ ಮಲಯಾಳದವರು ಇದನ್ನೇ ತುಂಬಿ ಅನ್ನುತ್ತಾರೆ. ನಾವು ಆ ಪದವನ್ನು ಕರಿದುಂಬಿಗೆ ಕೊಟ್ಟು ಸುಮ್ನೆ ಕೂತಿದ್ದೇವೆ.

(ಮೈಸೂರಿನಿಂದ)
ನಮ್ಮ ತುಂಬಿ ಹೂವಿನ ಜೇನು ಹೀರುವುದು, ಇದು ಸೊಳ್ಳೆ ತಿನ್ನುವುದು. ಬೋರ್ಡ್ ಓದಿದ ಮಗು ಕೆರೆ ಬಿಟ್ಟು ದಾಸವಾಳದ ಗಿಡದಲ್ಲಿ ಹುಡುಕೀತು. ಪಕ್ಕದ ಮನೆಗೆ ಸಾಲಕ್ಕೆ ಹೋಗುವ ಮುಂಚೆ ನಮ್ಮ ಮನೆ ಡಬ್ಬಿ ನೋಡಿ.

(ವಿರಾಜಪೇಟೆಯಿಂದ)
ಸಾಲದ ಮಾತು ನೀವು ತೆಗೆಯಬೇಡಿ. ಬೋರ್ಡು, ಪೈಪು, ಪೇಂಟರು ಯಾರ ಮನೆಯವು? ಕಾಫಿ ಅನ್ನುವ ಪದ ಬಿಟ್ಟು ಕೊಡಗಿನಲ್ಲಿ ಒಂದು ದಿನ ಮಾತಾಡಿ ನೋಡೋಣ.

(ಕೇಳಿದವನು)
ಜಗಳ ಆಮೇಲೆ ಆಡಿ. ಸಣ್ಣದರ ಹೆಸರು ಇಬ್ಬರೂ ಹೇಳಲಿಲ್ಲ. ಕನ್ಯಾಕೀಟ ಅಂತ ಇಂಗ್ಲಿಷಿನಿಂದ ಇಳಿಸಲು ಮನಸ್ಸಿಲ್ಲ, ಅವುಗಳಲ್ಲಿ ಗಂಡೂ ಇದೆಯಲ್ಲ! ಸಂಜೆ ತೋಟದ ಕೆಲಸದವರ ಲೈನ್‌ಮನೆಯ ಪುಟ್ಟಿಗೆ ತೋರಿಸಿದೆ. ನೋಡಿದ ತಕ್ಷಣ "ಸೂಜಿ" ಅಂದಳು. ಸೂಜಿಹುಳು ಅಂತ ಬರೆಸುತ್ತೇನೆ. ದೊಡ್ಡದು ಏರೋಪ್ಲೇನ್ ಚಿಟ್ಟೆಯೇ ಆಗಿರಲಿ. ಪೇಂಟರ್ ಅಕ್ಷರಕ್ಕೆ ಇಷ್ಟು ಅಂತ ತೆಗೆದುಕೊಳ್ಳುತ್ತಾನೆ, ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ.

(ವಿರಾಜಪೇಟೆಯಿಂದ)
ಸೂಜಿ ಸಂಸ್ಕೃತದ ಸೂಚಿಯಿಂದ ಬಂದದ್ದು. ಗೊತ್ತಿರಲಿ.